ಡಾರ್ಕ್ ಎಲ್ಫ್‌ಗಳ ಕೇಡು ರಕ್ತದಲ್ಲೋ, ಕಟ್ಟಳೆಯಲ್ಲೋ?

2025ರ ಫೆಬ್ರುವರಿಯಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟದ ಎದುರಾಳಿ ಜೀವಿಗಳ ಹೊಸ ಕೈಪಿಡಿ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಡ್ರೌ, ಅಂದರೆ ನೆಲದಡಿಯ ಡಾರ್ಕ್ ಎಲ್ಫ್‌ಗಳಿಗೆ ತಮ್ಮದೇ ಪುಟವಿಲ್ಲ. ಹಳೆಯ ಆವೃತ್ತಿಯ ಡ್ರೌ ಯೋಧ, ಡ್ರೌ ಪೂಜಾರಿಣಿ ಬೇಕೆಂದರೆ ಯಾವ ಕುಲಕ್ಕೂ ಹೊಂದುವ ಸಾಮಾನ್ಯ ಪಾತ್ರಗಳ ಸ್ಟ್ಯಾಟ್ ಬ್ಲಾಕ್ (ಬಲಾಬಲದ ಅಂಕಿಗಳ ಪಟ್ಟಿ) ಎತ್ತಿಕೊಳ್ಳಿ ಎನ್ನುವ ಪಟ್ಟಿ ಮಾತ್ರ ಅಲ್ಲಿದೆ. ಸೊಂಟದಿಂದ ಮೇಲೆ ಡ್ರೌ, ಕೆಳಗೆ ಜೇಡವಾಗಿರುವ ಡ್ರೈಡರ್ ಉಳಿದುಕೊಂಡಿದೆ. ಶಾಪಕ್ಕೆ ಸಿಕ್ಕಿ ಕೆಟ್ಟ ದೇಹ ಮಾನ್‌ಸ್ಟರ್ ಆಗಬಹುದು, ಹುಟ್ಟಿನಿಂದ ಬಂದ ದೇಹ ಆಗಬಾರದು ಎಂಬ ಗೆರೆಯನ್ನು ಪ್ರಕಾಶಕರು ಎಳೆದಂತಿದೆ.

ಈ ಗೆರೆ ಸರಿಯಾದದ್ದೇ. ಆದರೆ ಅದರಾಚೆ ಹೋಗುವ ಮಾತು ಕಡಿಮೆಯಾಯಿತು. ಬದಲಾವಣೆಯನ್ನು ಮೆಚ್ಚುವವರು 'ಎಲ್ಲ ಡ್ರೌಗಳೂ ಕೆಟ್ಟವರು' ಎಂಬ ಸಾಲು ಹೋದರೆ ಸಾಕು ಎನ್ನುತ್ತಾರೆ. ವಿರೋಧಿಸುವವರು ಆ ಸಾಲಿನ ಜೊತೆ ಒಂದು ಸಂಸ್ಕೃತಿಯೇ ಹೋಯಿತು ಎಂದು ಮರುಗುತ್ತಾರೆ. ಡ್ರೌಗಳ ಸಂಸ್ಕೃತಿ ಇದ್ದದ್ದು ಆ ಸಾಲಿನಲ್ಲಲ್ಲ, ಅವರ ಕಾನೂನು, ಶಾಲೆ, ಗಡಿಯಾರ, ಊಟದ ತಟ್ಟೆಯಲ್ಲಿ. ಕ್ರೌರ್ಯವನ್ನು ರಕ್ತದಿಂದ ಕಿತ್ತು ಕಟ್ಟಳೆಯೊಳಗೆ ಇಟ್ಟರೆ ಕಥೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಅಳಿಸುವುದಕ್ಕಿಂತ ಅದು ಹೆಚ್ಚು ಶ್ರಮದ ಕೆಲಸ.

ಮೂರು ಎಳೆ, ಒಂದು ಹಗ್ಗ

ನೆಲದಡಿಯ ವಾಸ, ಕಪ್ಪು ಬಣ್ಣ, ಹುಟ್ಟುಗೇಡಿತನ ಈ ಮೂರೂ ಮೊದಲಿನಿಂದ ಒಂದೇ ಹಗ್ಗವಾಗಿರಲಿಲ್ಲ. 13ನೇ ಶತಮಾನದ ಐಸ್‌ಲೆಂಡಿನಲ್ಲಿ ಸ್ನೋರಿ ಸ್ಟುರ್ಲುಸನ್ ಬರೆದ ಗದ್ಯ ಎಡ್ಡಾ ಎಂಬ ಪುರಾಣಗ್ರಂಥದಲ್ಲಿ ಎರಡು ಬಗೆಯ ಎಲ್ಫ್‌ಗಳಿದ್ದಾರೆ. ಬೆಳಕಿನ ಎಲ್ಫ್‌ಗಳು ಆಲ್ಫ್‌ಹೈಮ್‌ನಲ್ಲಿದ್ದು ಸೂರ್ಯನಿಗಿಂತ ಚೆಲುವು. ಡೋಕ್ಆಲ್ಫರ್ ಎಂಬವರು ನೆಲದೊಳಗಿದ್ದು ಕೀಲೆಣ್ಣೆಗಿಂತ ಕಪ್ಪು. ನೋಟದಲ್ಲಿ ಇಬ್ಬರೂ ಬೇರೆ, ನಡೆಯಲ್ಲಿ ಇನ್ನೂ ಬೇರೆ ಎಂದು ಹೇಳಿ ಸ್ನೋರಿ ಮುಂದಕ್ಕೆ ಹೋಗಿಬಿಡುತ್ತಾನೆ. ಅದೇ ಗ್ರಂಥದಲ್ಲಿ ಸ್ವಾರ್ಟ್‌ಆಲ್ಫ್‌ಹೈಮ್, ಅಂದರೆ ಕರಿ ಎಲ್ಫ್‌ಗಳ ಲೋಕಕ್ಕೆ ಹೋದವರಿಗೆ ಅಲ್ಲಿ ಸಿಗುವವರು ಕಮ್ಮಾರಿಕೆಯಲ್ಲಿ ಗಟ್ಟಿಗರಾದ ಕುಬ್ಜರು. ಹೀಗಾಗಿ ಕರಿ ಎಲ್ಫ್ ಎಂಬುದು ಕುಬ್ಜರದೇ ಇನ್ನೊಂದು ಹೆಸರು ಎಂದು ಹಲವು ವಿದ್ವಾಂಸರು ಓದುತ್ತಾರೆ. ಬೆಳಕು–ಕತ್ತಲೆಯ ಈ ವಿಂಗಡಣೆಯೇ ಕ್ರೈಸ್ತ ದೇವದೂತರು ಮತ್ತು ಪತಿತರ ಕಲ್ಪನೆಯಿಂದ ಬಂದದ್ದು ಎಂಬ ವಾದವೂ ಇದೆ.

'ಡ್ರೌ' ಎಂಬ ಹೆಸರಿನ ಬೇರು ಬೇರೆ ಕಡೆಗಿದೆ. ಶೆಟ್ಲೆಂಡ್, ಆರ್ಕ್ನಿ ದ್ವೀಪಗಳ ಜನಪದದಲ್ಲಿ 'ಟ್ರೌ' ಎಂಬ ದಿಬ್ಬವಾಸಿಗಳಿದ್ದಾರೆ. ಇರುಳಲ್ಲಿ ಹೊರಬರುತ್ತಾರೆ, ಸಂಗೀತವೆಂದರೆ ಪ್ರಾಣ, ಪಿಟೀಲು ನುಡಿಸುವವರನ್ನು ದಿಬ್ಬದೊಳಗೆ ಕರೆದೊಯ್ಯುತ್ತಾರೆ. ಅವರಿಗೆ ಜೇಡವೂ ಇಲ್ಲ, ರಾಣಿಯರ ಪಿತೂರಿಯೂ ಇಲ್ಲ. ಟಾಲ್ಕಿನ್‌ನ ಲೋಕದಲ್ಲಂತೂ 'ಡಾರ್ಕ್ ಎಲ್ಫ್' ಎಂದರೆ ದೇವತೆಗಳ ನಾಡಿನ ಎರಡು ಮರಗಳ ಬೆಳಕನ್ನು ಕಾಣದೆ ಉಳಿದವರು. ಮೈಬಣ್ಣಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲ.

ಮೂರು ಎಳೆಗಳನ್ನು ಹೊಸೆದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್. 1977ರ ಮೊದಲ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ, ಎಲ್ಫ್‌ಗಳ ವಿವರದ ನಡುವೆ, ಡ್ರೌಗಳು ಬರಿಯ ದಂತಕಥೆ ಎಂಬ ಪುಟ್ಟ ಪ್ರಸ್ತಾಪವಿದೆ. ಅವರು ಎಷ್ಟು ಕಪ್ಪೋ ಅಷ್ಟೇ ಕೆಟ್ಟವರು ಎಂಬ ಸಮೀಕರಣ ಆ ನಾಲ್ಕು ಸಾಲಿನಲ್ಲೇ ಕೂತಿದೆ. 1978ರ ಸಾಹಸಮಾಲೆಗಳಲ್ಲಿ ಅವರು ಎದುರಾಳಿಗಳಾಗಿ ಬಂದರು. ಎರೆಲ್ಹೈ-ಸಿನ್ಲು ಎಂಬ ಗುಹಾನಗರ, ಜೇಡರಾಣಿ ಲೋಲ್ತ್, ನಿದ್ದೆ ತರಿಸುವ ವಿಷ, ಕೈಯಲ್ಲಿ ಹಿಡಿಯುವ ಪುಟ್ಟ ಅಡ್ಡಬಿಲ್ಲು ಎಲ್ಲ ಆಗಲೇ ಬಂದವು. 1981ರ ಫೀಂಡ್ ಫೋಲಿಯೋ ಎಂಬ ಇನ್ನೊಂದು ಕೈಪಿಡಿಯಲ್ಲಿ ಪೂರ್ಣ ವಿವರ ಸಿಕ್ಕಿತು, 1985ರಲ್ಲಿ ಆಟಗಾರರೂ ಡ್ರೌ ಆಗಿ ಆಡಬಹುದು ಎಂದಾಯಿತು. 1988ರಲ್ಲಿ ಕಾದಂಬರಿಕಾರ ಆರ್. ಎ. ಸಾಲ್ವತೋರ್ ಅವರ ಡ್ರೌ ನಾಯಕ ಡ್ರಿಝ್ಟ್ ಬಂದ ಮೇಲೆ 'ಕೆಟ್ಟ ಕುಲದ ಒಬ್ಬನೇ ಒಳ್ಳೆಯವ' ಎಂಬ ಅಚ್ಚು ಬಿತ್ತು. ಆ ಅಚ್ಚು ಇಂದಿಗೂ ತೊಂದರೆ ಕೊಡುತ್ತಿದೆ. ಅಪವಾದ ಎಷ್ಟು ಹೊಳೆದರೆ ನಿಯಮ ಅಷ್ಟು ಗಟ್ಟಿಯಾಗುತ್ತದೆ.

ಶಾಪದ ಲೆಕ್ಕ

ಈ ಆಟದ ಫರ್ಗಾಟನ್ ರೆಲ್ಮ್ಸ್ ಎಂಬ ಕಾಲ್ಪನಿಕ ಲೋಕದ ಇತಿಹಾಸವನ್ನು ಕಾಲಾನುಕ್ರಮದಲ್ಲಿ ಓದಿದರೆ ಅಲ್ಲೊಂದು ದೊಡ್ಡ ಬಿರುಕು ಕಾಣುತ್ತದೆ. ಕ್ರೌನ್ ವಾರ್ಸ್ ಎಂಬ ಎಲ್ಫ್ ಯುದ್ಧಗಳು ಆ ಲೋಕದ ಪಂಚಾಂಗದಲ್ಲಿ −12000ರಿಂದ −9000ದವರೆಗೆ ನಡೆದವು. ಮೊದಲು ಆಕ್ರಮಣಕ್ಕೆ ಇಳಿದದ್ದು ಆರ್ಯವಂದಾರ್ ಎಂಬ ಸೂರ್ಯ ಎಲ್ಫ್‌ಗಳ ಸಾಮ್ರಾಜ್ಯ. −10500ರಲ್ಲಿ ಡಾರ್ಕ್ ಎಲ್ಫ್‌ಗಳ ನಾಡು ಮಿಯೆರಿಟಾರ್ ಮಾಂತ್ರಿಕ ಬಿರುಗಾಳಿಯಲ್ಲಿ ಬರಡಾಯಿತು. ತೆಂಕಣದ ಇಲಿಥೀರ್‌ನ ಡಾರ್ಕ್ ಎಲ್ಫ್‌ಗಳು ಪ್ರತೀಕಾರಕ್ಕೆ ದುಷ್ಟಶಕ್ತಿಗಳ ಮೊರೆಹೊಕ್ಕರು ನಿಜ. ಆದರೆ −10000ದ ಸುಮಾರಿಗೆ ಎಲ್ಫ್‌ಗಳ ದೇವರು ಕೊರೆಲ್ಲನ್‌ನ ಮಾಯೆ ಇಳಿದಾಗ ಶಾಪ ತಟ್ಟಿದ್ದು ಕೆಟ್ಟವರಿಗಷ್ಟೇ ಅಲ್ಲ. ಭ್ರಷ್ಟರಾದವರು, ಆಗದವರು ಎಂಬ ಭೇದವಿಲ್ಲದೆ ಡಾರ್ಕ್ ಎಲ್ಫ್‌ಗಳೆಲ್ಲ ಡ್ರೌಗಳಾಗಿ ನೆಲದಡಿಗೆ ತಳ್ಳಲ್ಪಟ್ಟರು. ಆರ್ಯವಂದಾರ್‌ನವರ ಮೈಬಣ್ಣ ಮಾತ್ರ ಬದಲಾಗಲಿಲ್ಲ.

ಇಡೀ ಜನಾಂಗಕ್ಕೆ ಹೊರಿಸಿದ ಶಿಕ್ಷೆ ಇದು. ದಶಕಗಳ ಕಾಲ ಆಟದ ಪುಸ್ತಕಗಳು ಇದನ್ನು ಗೆದ್ದವರ ಬಾಯಿಂದ ನ್ಯಾಯವೆಂಬಂತೆ ಹೇಳಿಕೊಂಡು ಬಂದವು. ಹೊಸದೇನನ್ನೂ ಕಲ್ಪಿಸದೆ, ಇದೇ ಇತಿಹಾಸವನ್ನು ಗುಹೆಯ ಮಗುವೊಂದು ಪಾಠವಾಗಿ ಕೇಳಿದರೆ ಹೇಗಿರುತ್ತದೆ ಎಂದು ಯೋಚಿಸಿ. 'ಮೇಲಿನವರು ನಮ್ಮ ನಾಡನ್ನು ಬರಡು ಮಾಡಿದರು, ಅವರ ದೇವರು ನಮ್ಮನ್ನೇ ಶಿಕ್ಷಿಸಿದ, ಕೈಹಿಡಿದವಳು ಲೋಲ್ತ್.' ಇದರಲ್ಲಿ ಒಂದು ಸುಳ್ಳೂ ಇಲ್ಲ, ಆದರೆ ಒಂದು ದಬ್ಬಾಳಿಕೆಯನ್ನು ಸಾವಿರಾರು ವರ್ಷ ನಿಲ್ಲಿಸಲು ಇಷ್ಟು ಸಾಕು.

2020ರಿಂದ ಏನೇನು ಬದಲಾಯಿತು

2000ದ ಮೂರನೇ ಆವೃತ್ತಿಯಲ್ಲಿ ಡ್ರೌಗಳ ಅಲೈನ್‌ಮೆಂಟಿನ, ಅಂದರೆ ಒಳ್ಳೆಯವರೋ ಕೆಟ್ಟವರೋ ಎಂಬ ಗುರುತಿನ, ಮುಂದೆ 'ಸಾಮಾನ್ಯವಾಗಿ' ಎಂಬ ಪದವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಎಂದು ಅದರ ಅರ್ಥ. 2014ರ ಐದನೇ ಆವೃತ್ತಿಯ ಸ್ಟ್ಯಾಟ್ ಬ್ಲಾಕ್‌ನಲ್ಲಿ ಆ ಪದವೂ ಬಿದ್ದುಹೋಗಿ ಬರೀ 'ನ್ಯೂಟ್ರಲ್ ಈವಿಲ್', ಅಂದರೆ ಕೆಟ್ಟವರು ಎಂಬ ಗುರುತು, ಉಳಿಯಿತು. ಆ ಕತ್ತರಿಪ್ರಯೋಗ ಸಿದ್ಧಾಂತದಂತೆ ಕಂಡಿತು. 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ವರ್ಣದ್ವೇಷದ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ಹೊತ್ತಿಗೆ, ಓರ್ಕ್ ಎಂಬ ಇನ್ನೊಂದು ಕುಲ ಮತ್ತು ಡ್ರೌಗಳ ಚಿತ್ರಣ ನಿಜಲೋಕದ ಜನಾಂಗಗಳನ್ನು ಹೀಗಳೆದ ಬಗೆಯನ್ನು ನೋವಾಗುವಷ್ಟು ಹೋಲುತ್ತದೆ ಎಂದು ಆಟದ ಪ್ರಕಾಶನ ಸಂಸ್ಥೆ ವಿಝರ್ಡ್ಸ್ ಆಫ್ ದಿ ಕೋಸ್ಟ್ ಒಪ್ಪಿಕೊಂಡಿತು. ಅದೇ ತಿಂಗಳು, ಡ್ರೌ ವೇಷಕ್ಕೆಂದು ಪಾತ್ರವೊಂದು ಮುಖಕ್ಕೆ ಕಪ್ಪು ಬಳಿದುಕೊಂಡಿದ್ದ 2011ರ ಹಾಸ್ಯಧಾರಾವಾಹಿಯ ಕಂತೊಂದನ್ನು ನೆಟ್‌ಫ್ಲಿಕ್ಸ್ ತೆಗೆದುಹಾಕಿತು. ನವೆಂಬರ್‌ನಲ್ಲಿ ಬಂದ ಟಾಷಾಸ್ ಕಾಲ್ಡ್ರನ್ ಪುಸ್ತಕ ಕುಲದ ಜೊತೆ ಬರುವ ಅಂಕಗಳನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಲು ಬಿಟ್ಟಿತು. 2021ರ ಕೊನೆಯ ತಿದ್ದುಪಡಿಗಳಲ್ಲಿ ಅಲೈನ್‌ಮೆಂಟ್ ಸೂಚನೆಗಳು ಹೊರಟವು. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ 'ರೇಸ್' ಹೋಗಿ 'ಸ್ಪೀಷೀಸ್' ಬಂತು.

ಇವುಗಳ ನಡುವೆ 2021ರ ಸ್ಟಾರ್‌ಲೈಟ್ ಎನ್‌ಕ್ಲೇವ್ ಕಾದಂಬರಿಯ ಹೊತ್ತಿಗೆ ಉತ್ತರದ ಹಿಮನಾಡಿನ ಏವೆನ್‌ಡ್ರೌ, ದಕ್ಷಿಣದ ಕಾಡಿನ ಲೋರೆನ್‌ಡ್ರೌಗಳು ಬಂದರು. ಲೋಲ್ತ್‌ಳ ಹಿಡಿತಕ್ಕೆ ಸಿಗದೆ ನೆಮ್ಮದಿಯಾಗಿ ಬದುಕಿದವರು ಇವರು. ಉದ್ದೇಶ ಒಳ್ಳೆಯದು. ಆದರೆ ಒಳ್ಳೆಯವರನ್ನು ನಕ್ಷೆಯ ಬೇರೊಂದು ಮೂಲೆಯಲ್ಲಿ ಇಟ್ಟ ಮಾತ್ರಕ್ಕೆ ಮೊದಲ ಊರಿನವರು ಯಾಕೆ ಹಾಗಾದರು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಎಲ್ಲಕ್ಕೂ ಲೋಲ್ತ್‌ಳ ಪಂಥವೇ ಕಾರಣ ಎಂದಾಗಲೂ ಅಷ್ಟೇ. ರಕ್ತದ ಮೇಲಿದ್ದ ಹೊರೆ ಒಬ್ಬ ದೇವತೆಯ ತಲೆಗೆ ಹೋಗುತ್ತದೆ, ಜನ ಮಾತ್ರ ಸೂತ್ರದ ಗೊಂಬೆಗಳಾಗಿಯೇ ಉಳಿಯುತ್ತಾರೆ.

ಯಾರೂ ಹೆಚ್ಚು ಚರ್ಚಿಸದ ನಷ್ಟವೊಂದು 2024ರಲ್ಲಾಯಿತು. 2014ರ ಡ್ರೌಗಳಿಗೆ ನೇರ ಬಿಸಿಲಿನಲ್ಲಿ ದಾಳಿಯ ದಾಳಕ್ಕೂ ಕಣ್ಣಿನಿಂದ ಗುರುತಿಸುವ ಪರೀಕ್ಷೆಗೂ ಹಿನ್ನಡೆ ಇತ್ತು. ಹೊಸ ಪುಸ್ತಕದಲ್ಲಿ 120 ಅಡಿಯ ಕತ್ತಲೆನೋಟ ಹಾಗೇ ಉಳಿದು ಬಿಸಿಲಿನ ಹಿನ್ನಡೆ ಹೋಯಿತು. ಆಟಗಾರರಿಗೆ ಅನುಕೂಲವೇ. ಆದರೆ ಆ ಹಿನ್ನಡೆಯಲ್ಲಿ ಯಾರ ನಡತೆಯ ಮೇಲೂ ತೀರ್ಪಿರಲಿಲ್ಲ, ಅದು ಪರಿಸರದ ಗುರುತು. ಮೊದಲ ಆವೃತ್ತಿಯಲ್ಲಿ ಡ್ರೌಗಳ ಕವಚ, ಕತ್ತಿ, ಮೇಲಂಗಿಗಳೂ ಬಿಸಿಲು ತಾಗಿದರೆ ಹಾಳಾಗುತ್ತಿದ್ದವು. ಅವರೇಕೆ ಇರುಳಲ್ಲಷ್ಟೇ ದಾಳಿ ಮಾಡುತ್ತಾರೆ, ಅವರ ಶಸ್ತ್ರಗಳು ಮೇಲಿನ ಸಂತೆಗಳಲ್ಲಿ ಯಾಕೆ ಸಿಗುವುದಿಲ್ಲ, ಮೇಲಿನ ಮಣ್ಣನ್ನು ಗೆದ್ದರೂ ಯಾಕೆ ಉಳಿಸಿಕೊಳ್ಳಲಾರರು, ಎಲ್ಲಕ್ಕೂ ಅದೇ ಉತ್ತರವಾಗಿತ್ತು. ಈಗಿನ ನಿಯಮದಲ್ಲಿ ಅವರನ್ನು ಕೆಳಗೆ ಹಿಡಿದಿಡುವ ಭೌತಿಕ ಕಾರಣವೇ ಇಲ್ಲ. ನಿಮ್ಮ ಆಟದಲ್ಲಿ ಅದನ್ನು ಮರಳಿ ತರುವುದಾದರೆ ಕಾಯಂ ಶಿಕ್ಷೆಯಾಗಿ ತರಬೇಡಿ. ಮೇಲೆ ಬಂದ ಮೊದಲ 30 ದಿನ ಪೂರ್ತಿ ಹಿನ್ನಡೆ, ಆಮೇಲೆ ನಡುಹಗಲಿನಲ್ಲಿ ಮಾತ್ರ, ಒಂದು ವರ್ಷ ಕಳೆದರೆ ಇಲ್ಲ ಎಂಬ ಕ್ರಮ ಚೆನ್ನಾಗಿ ಕೂರುತ್ತದೆ. ದೇಹ ಒಗ್ಗಿಕೊಳ್ಳುವುದೇ ಕಥೆಯ ಭಾಗವಾಗುತ್ತದೆ.

ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಪ್ರಕಾಶಕರಾದ ಪೈಝೋ ಸಂಸ್ಥೆ ಡ್ರೌಗಳನ್ನು ಕೈಬಿಟ್ಟದ್ದರ ಕಥೆ ಬೇರೆ. 2023ರ ಜನವರಿಯಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳನ್ನು ಬೇರೆಯವರಿಗೂ ಬಳಸಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಬದಲಿಸುವ ಕರಡು ಸೋರಿ ದೊಡ್ಡ ಗದ್ದಲವಾದಾಗ ಪಾತ್‌ಫೈಂಡರ್ ಆಟ ಆ ಲೈಸೆನ್ಸಿನಿಂದಲೇ ಹೊರಬರಲು ತೀರ್ಮಾನಿಸಿತು. ನೆಲದಡಿಯ ಊರು, ಹೆಣ್ಣಾಳ್ವಿಕೆ, ರಾಕ್ಷಸೀ ದೇವತೆ, ಈ ಕೂಡಿಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮುದ್ರೆಯಷ್ಟೇ ಗುರುತು ಹಿಡಿಯುವಂಥದ್ದಾದ್ದರಿಂದ ಡ್ರೌಗಳು ಅಲ್ಲಿ ಉಳಿಯಲಿಲ್ಲ, ಅವರ ನೆಲಮಾಳಿಗೆಗಳಿಗೆ ಸರ್ಪಜನರು ಬಂದರು. ಸ್ವಂತ ಆಟ ಬರೆಯುವವರು ಗಮನಿಸಬೇಕಾದ್ದು ಇಷ್ಟು. 2023ರ ಜನವರಿ 27ರಂದು ಐದನೇ ಆವೃತ್ತಿಯ ಮೂಲನಿಯಮಗಳ ಕಡತವಾದ ಎಸ್‌ಆರ್‌ಡಿ 5.1 ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಎಂಬ ಮುಕ್ತ ಪರವಾನಗಿಯ ಅಡಿ ಬಂದಿದೆ, ಅದರಲ್ಲಿರುವ ಡ್ರೌ ವಿವರವನ್ನು ಮೂಲ ಹೆಸರಿಸಿ ಬಳಸಬಹುದು. ಊರುಗಳು, ಮನೆತನಗಳು, ಕಾದಂಬರಿಯ ಪಾತ್ರಗಳು ಅದರೊಳಗಿಲ್ಲ.

ಮೆನ್‌ಝೋಬೆರಾನ್‌ಝನ್‌ನ ಕಟ್ಟಳೆಗಳು

ಕ್ರೌರ್ಯವನ್ನು ಕಟ್ಟಳೆಯಾಗಿ ತೋರಿಸುವುದು ಹೇಗೆ ಎಂಬುದಕ್ಕೆ ಉದಾಹರಣೆ ಹಳೆಯ ಪುಸ್ತಕಗಳಲ್ಲೇ ಇದೆ. 1990ರ ಹೋಮ್‌ಲ್ಯಾಂಡ್ ಕಾದಂಬರಿಯ ಮೆನ್‌ಝೋಬೆರಾನ್‌ಝನ್ ಸುಮಾರು 20,000 ಡ್ರೌಗಳ ಊರು. ಎಂಟು ಮನೆತನಗಳ ಯಜಮಾನಿಯರು ಆಳುವ ಮಂಡಳಿ. ಒಂದು ಮನೆತನ ಇನ್ನೊಂದರ ಮೇಲೆ ಬಿದ್ದು, ಆ ಮನೆಯ ಕುಲೀನರಲ್ಲಿ ಒಬ್ಬರೂ ಉಳಿಯದಂತೆ ಮುಗಿಸಿದರೆ ಅಪರಾಧವೇ ನಡೆದಿಲ್ಲ. ಒಬ್ಬರು ಬದುಕಿ ದೂರು ಕೊಟ್ಟರೆ ದಾಳಿ ಮಾಡಿದ ಮನೆತನವನ್ನು ಇಡೀ ಊರು ಸೇರಿ ಅಳಿಸುತ್ತದೆ. ಈ ಕಾನೂನಿನಲ್ಲಿ ಕರುಣೆ ತೋರಿದವರು ಸಾಯುತ್ತಾರೆ. ಕೂಸನ್ನು ಕೊಲ್ಲುವ ಕೈ ದ್ವೇಷದಿಂದಲೇ ಏಳಬೇಕಿಲ್ಲ, ಮುಂದೆ ಸಾಕ್ಷಿಯಾದೀತು ಎಂಬ ಭಯ ಸಾಕು. ಡ್ರಿಝ್ಟ್ ಬದುಕಿದ್ದೂ ಇಂಥ ಲೆಕ್ಕದಿಂದಲೇ. ಮೂರನೇ ಗಂಡುಮಗುವನ್ನು ಲೋಲ್ತ್‌ಗೆ ಬಲಿ ಕೊಡಬೇಕು. ಅವನು ಹುಟ್ಟಿದ ಇರುಳೇ ಒಬ್ಬ ಅಣ್ಣ ಇನ್ನೊಬ್ಬ ಅಣ್ಣನನ್ನು ಕೊಂದದ್ದರಿಂದ ಅವನು ಎರಡನೆಯವನಾದ.

ಶಾಲೆಯೂ ಹೀಗೆಯೇ. ಯೋಧರಿಗೆ ಮಿಲೀ-ಮಾಗ್ತೀರ್‌ನಲ್ಲಿ 10 ವರ್ಷ, ಮಾಂತ್ರಿಕರಿಗೆ ಸಾರ್ಸೀರ್‌ನಲ್ಲಿ 30, ಪೂಜಾರಿಣಿಯರಿಗೆ ಅರಾಕ್-ಟಿನಿಲಿತ್‌ನಲ್ಲಿ 50. ಯಾರು ಆಳಬೇಕೋ ಅವರ ಮೇಲೆ ಪಂಥದ ಹಿಡಿತ ಅತಿ ದೀರ್ಘ. ಗಡಿಯಾರದ ಕೆಲಸ ಮಾಡುವ ನಾರ್ಬೊಂಡೆಲ್ ಎಂಬ ಕಲ್ಲುಕಂಬದ ಬುಡಕ್ಕೆ ಪ್ರಧಾನ ಮಾಂತ್ರಿಕ ದಿನವೂ ಬಿಸಿ ಹಾಕುತ್ತಾನೆ, ಬಿಸಿ ಕಂಬವನ್ನೇರುತ್ತಾ ಹೊತ್ತು ತೋರಿಸುತ್ತದೆ. ಬಿಸಿಯನ್ನೇ ಕಾಣುವ ಇನ್‌ಫ್ರಾವಿಷನ್ ಇದ್ದ ಜನರಿಗೆ ತಕ್ಕ ಗಡಿಯಾರ ಅದು. 2000ದಲ್ಲಿ ನಿಯಮ ಬದಲಾಗಿ ಕಪ್ಪು-ಬಿಳುಪಿನ ಡಾರ್ಕ್‌ವಿಷನ್ ಬಂದಾಗ ಆ ಕಂಬದ ತರ್ಕವೇ ಕುಸಿಯಿತು. ಒಂದು ನಿಯಮ ತಿದ್ದಿದರೆ ಅದಕ್ಕೆ ನೇತುಬಿದ್ದ ಪದ್ಧತಿಗಳನ್ನೂ ತಿದ್ದಬೇಕು. ಅಲೈನ್‌ಮೆಂಟ್ ತೆಗೆದವರೂ ಬಿಸಿಲಿನ ಹಿನ್ನಡೆ ತೆಗೆದವರೂ ಈ ಎರಡನೇ ಕೆಲಸಕ್ಕೆ ಕೈಹಾಕಲಿಲ್ಲ.

ಹೆಣ್ಣಾಳ್ವಿಕೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹೆಣ್ಣು ಆಳುವ ಊರು ಎಂದೊಡನೆ ಚಾವಟಿ, ಬಲಿ, ಜೇಡ ಎಂದು ಬರೆಯುವುದು ಮೈಬಣ್ಣದಷ್ಟೇ ಹಳೆಯ ತಪ್ಪು. ಒರೆಹಚ್ಚುವ ದಾರಿ ಸುಲಭ. ಅದೇ ಊರಿನ ಯಜಮಾನಿಯರ ಜಾಗದಲ್ಲಿ ಗಂಡಸರನ್ನು ಇಟ್ಟು ಓದಿ. ಕ್ರೌರ್ಯಕ್ಕೆ ಕಾರಣ ಹಾಗೇ ಉಳಿದರೆ ಬರಹ ನಿಂತಿದೆ ಎಂದರ್ಥ. ಮೇಲೆ ಹೇಳಿದ ಕಾನೂನು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಪೂಜಾರಿಣಿಯರ ಕೈಯ ಹಾವಿನ ತಲೆಗಳ ಚಾವಟಿ ಗೆಲ್ಲುವುದಿಲ್ಲ.

ಹೊಟ್ಟೆಯ ಪ್ರಶ್ನೆ

ಗುಹಾನಗರ ಕಟ್ಟುವವರು ಹೆಚ್ಚಾಗಿ ಸೋಲುವುದು ಊಟದಲ್ಲಿ. 'ಅಣಬೆ ತಿನ್ನುತ್ತಾರೆ' ಎಂದು ಬರೆದು ಮುಗಿಸುತ್ತಾರೆ. ಹಸಿ ಅಣಬೆ 100 ಗ್ರಾಂಗೆ ಸುಮಾರು 25 ಕಿಲೊಕ್ಯಾಲರಿ. ದಿನಕ್ಕೆ 2,000 ಬೇಕಾದ ಒಬ್ಬರು 8 ಕಿಲೊ ತಿನ್ನಬೇಕು. 20,000 ಜನರಿಗೆ ದಿನಕ್ಕೆ 160 ಟನ್. ಇದಕ್ಕಿಂತ ದೊಡ್ಡ ತೊಡಕು, ಅಣಬೆ ತಾನೇ ಆಹಾರ ತಯಾರಿಸುವುದಿಲ್ಲ, ಕೊಳೆಯುವ ವಸ್ತುವಿನಿಂದ ಹೀರುತ್ತದೆ. ಒಳ್ಳೆಯ ಬೆಳೆಯಲ್ಲೂ ಒಂದು ಕಿಲೊ ಹಸಿ ಅಣಬೆಗೆ ಸುಮಾರು ಒಂದು ಕಿಲೊ ಒಣ ಹುಲ್ಲು ಅಥವಾ ಮರದ ಹೊಟ್ಟು ಬೇಕು. ಹುಲ್ಲು, ಮರ ಬೆಳೆಯುವುದು ಬಿಸಿಲಿನಲ್ಲಿ. ಕಲ್ಲುಹೂವನ್ನು ಮೇಯುವ ದನ ಎಂದರೂ ಇದೇ ಸಮಸ್ಯೆ, ಕಲ್ಲುಹೂವಿಗೂ ಬೆಳಕು ಬೇಕು.

ದಾರಿಗಳಿವೆ. ಮೇಲಿನ ಕಾಡಿನ ಕಸವನ್ನು ಹೊತ್ತು ತರುವ ನೆಲದಡಿಯ ಹೊಳೆ ಇರಬಹುದು, ಬಾವಲಿಗಳ ಹಿಕ್ಕೆ ಇರಬಹುದು. ಬಂಡೆಯ ರಸಾಯನಗಳಿಂದ ಬದುಕುವ ಬ್ಯಾಕ್ಟೀರಿಯಾವೂ ಇರಬಹುದು. 1986ರಲ್ಲಿ ರೊಮೇನಿಯಾದಲ್ಲಿ ಪತ್ತೆಯಾದ ಮೊವಿಲೆ ಗುಹೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಬಳಸುವ ಬ್ಯಾಕ್ಟೀರಿಯಾಗಳ ಮೇಲೆ ಜೀವಿಗಳ ಇಡೀ ಸರಪಳಿ ನಿಂತಿದೆ. ಆದರೆ ಅಲ್ಲಿನ ಗಾಳಿಯಲ್ಲಿ ಆಮ್ಲಜನಕ ಹೊರಗಿನ ಅರ್ಧಕ್ಕಿಂತ ಕಡಿಮೆ, ಇಂಗಾಲದ ಡೈಆಕ್ಸೈಡ್ ಸುಮಾರು ನೂರು ಪಟ್ಟು. ಅಂಥ ನೆಲೆಯಲ್ಲಿ ಊರು ಕಟ್ಟಿದರೆ ಗಾಳಿಕಿಂಡಿಗಳ ಒಡೆತನವೇ ರಾಜಕೀಯವಾಗುತ್ತದೆ, ಸೌದೆಯ ಒಲೆ ಅಪರಾಧವಾಗುತ್ತದೆ. ಇಷ್ಟಾದ ಮೇಲೂ ಕೊರತೆ ಬಿದ್ದರೆ ಉಳಿಯುವುದು ಮೇಲಿನವರೊಡನೆ ವ್ಯಾಪಾರ, ಇಲ್ಲವೇ ದಾಳಿ. ವ್ಯಾಪಾರದ ಬಾಗಿಲನ್ನು ಮೇಲಿನವರೇ ಮುಚ್ಚಿದ್ದರೆ ದಾಳಿಗೆ ಯಾವ ಹುಟ್ಟುಗುಣವನ್ನೂ ಹೊಣೆ ಮಾಡಬೇಕಿಲ್ಲ. ಗುಲಾಮಗಿರಿಯ ಲೆಕ್ಕವೂ ಇಲ್ಲೇ ಸಿಕ್ಕಿಕೊಳ್ಳುತ್ತದೆ. 1,000 ಗುಲಾಮರು ಎಂದರೆ ದಿನಕ್ಕೆ ಇನ್ನೂ 8 ಟನ್. ತಾನು ತಿನ್ನುವುದಕ್ಕಿಂತ ಹೆಚ್ಚು ದುಡಿಸಲಾಗದ ಗುಲಾಮನನ್ನು ಆ ಊರು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಬರೆಯುವವರು ತಪ್ಪಿಸಿಕೊಳ್ಳಬಾರದು.

ಮೈಬಣ್ಣದ ಮಾತೂ ಇಲ್ಲೇ ಬರಲಿ. ಕತ್ತಲಲ್ಲಿ ತಲೆಮಾರುಗಳು ಕಳೆದ ಜೀವಿಗಳು ಬಣ್ಣ ಕಳೆದುಕೊಳ್ಳುತ್ತವೆ, ಯುರೋಪಿನ ಗುಹೆಗಳ ಓಲ್ಮ್ ಬಿಳಿಚಿಕೊಂಡಿರುವುದು ಹಾಗೆಯೇ. ನೆಲದಡಿಯ ವಾಸದಿಂದ ಕಪ್ಪಾದರು ಎಂಬ ವಿವರಣೆ ನಿಲ್ಲುವುದಿಲ್ಲ. ಬಿಸಿಲಿನ ಕಾಡಿನಲ್ಲಿದ್ದ ಕಾಲದ ಕಂದುಬಣ್ಣ ಉಳಿದುಬಂತು ಎನ್ನಿ, ಇಲ್ಲವೇ ಬೂದಿಬಿಳುಪಿನ ಜನರನ್ನು ಕಲ್ಪಿಸಿ. ವೇಷ ಹಾಕುವವರೂ ನೇರಳೆ, ಬೂದು, ನೀಲಿಯಂಥ ಮನುಷ್ಯರಲ್ಲಿಲ್ಲದ ಬಣ್ಣ ಹಿಡಿದರೆ ಯಾರ ಮುಖವನ್ನೂ ಅಣಕಿಸಿದಂತಾಗುವುದಿಲ್ಲ.

ಬೂದಿಯ ನಾಡಿನವರು

ಈ ಎಲ್ಲ ತೊಡಕನ್ನು ಅತ್ಯಂತ ಚೆನ್ನಾಗಿ ಬಿಡಿಸಿದ್ದು 2002ರ ಮಾರೋವಿಂಡ್ ವಿಡಿಯೋ ಗೇಮ್. ಅದರ ಡಾರ್ಕ್ ಎಲ್ಫ್‌ಗಳಾದ ಡನ್‌ಮರ್‌ಗಳು ಗುಹೆಯವರಲ್ಲ, ಜ್ವಾಲಾಮುಖಿಯ ಬೂದಿ ಸುರಿಯುವ ನೆಲದವರು. ಅವರಿಗೂ ಶಾಪದ ಕಥೆಯಿದೆ. ರೆಡ್ ಮೌಂಟನ್ ಯುದ್ಧದ ನಂತರ, ನಾಯಕ ನೆರೆವಾರ್‌ನ ಸಾವಿನ ಹೊಣೆ ಹೊರಿಸಿ ಅಝುರಾ ದೇವತೆ ಅವರ ಪೂರ್ವಜರಾದ ಚೈಮರ್ ಎಂಬ ಜನರ ಮೈಯನ್ನು ಬೂದಿಗೆ, ಕಣ್ಣನ್ನು ಕೆಂಪಿಗೆ ತಿರುಗಿಸಿದಳು ಎನ್ನುತ್ತದೆ ಒಂದು ಪಾಠ. ಆದರೆ ನೆರೆವಾರ್ ಹೇಗೆ ಸತ್ತ ಎಂಬುದಕ್ಕೆ ದೇವಾಲಯದ ಹೇಳಿಕೆ ಒಂದು, ಭಿನ್ನಮತೀಯರದು ಇನ್ನೊಂದು, ಅಲೆಮಾರಿ ಆಶ್‌ಲ್ಯಾಂಡರ್‌ಗಳದು ಮತ್ತೊಂದು. ಯಾವುದು ನಿಜ ಎಂದು ಆಟ ಹೇಳುವುದಿಲ್ಲ. ಶಾಪವನ್ನು ನಿರ್ವಿವಾದ ಇತಿಹಾಸವಾಗಿಡದೆ ಪಂಥಗಳ ಜಗಳವಾಗಿ ಇಟ್ಟದ್ದರಲ್ಲೇ ಅದರ ಜಾಣ್ಮೆಯಿದೆ.

ಪದ್ಧತಿಗಳೂ ನೆಲದಿಂದಲೇ ಮೊಳೆತಿವೆ. ಊಟಕ್ಕೆ ಕ್ವಾಮಾ ಕೀಟಗಳ ಮೊಟ್ಟೆಗಣಿ ಮತ್ತು ಸಾಲ್ಟ್‌ರೈಸ್, ಕವಚಕ್ಕೆ ಕೀಟದ ಚಿಪ್ಪು. ಆಲ್ಡ್‌ರೂನ್ ಊರಿನಲ್ಲಿ ಕುಲೀನರು ಇರುವುದು ಸತ್ತ ಬೃಹತ್ ಏಡಿಯೊಂದರ ಚಿಪ್ಪಿನೊಳಗೆ. ಟೆಲ್ವಾನಿ ಮನೆತನದ ಮಾಂತ್ರಿಕರು ಅಣಬೆಯ ಗೋಪುರ ಬೆಳೆಸುತ್ತಾರೆ, ಆದರೆ ಮೇಲಿನ ಅಂತಸ್ತಿಗೆ ಮೆಟ್ಟಿಲು ಇಡುವುದಿಲ್ಲ. ಹಾರಲು ಬಾರದವರ ಜೊತೆ ಅವರಿಗೆ ಮಾತಿಲ್ಲ. ಇಡೀ ಮನೆತನದ ಸೊಕ್ಕನ್ನು ಹೇಳಲು ಒಂದು ವಾಸ್ತುವಿವರ ಸಾಕಾಗಿದೆ.

ಇದೇ ಡನ್‌ಮರ್‌ಗಳು ಹಲ್ಲಿಯಂಥ ಆರ್ಗೋನಿಯನ್, ಬೆಕ್ಕಿನಂಥ ಖಜೀತ್ ಜನರನ್ನು ಗುಲಾಮರಾಗಿ ದುಡಿಸಿದರು. ಸಾಮ್ರಾಜ್ಯಕ್ಕೆ ಶರಣಾದಾಗ ಮಾಡಿಕೊಂಡ ಒಪ್ಪಂದದಲ್ಲೂ ಆ ಹಕ್ಕನ್ನು ಉಳಿಸಿಕೊಂಡರು. ಅದಕ್ಕೆ ತೋಟಗಳ ಲಾಭ ಕಾರಣವಾಗಿತ್ತು, ಸಂಪ್ರದಾಯದ ಹೆಸರು ರಕ್ಷೆಯಾಗಿತ್ತು, ಗುಟ್ಟಾಗಿ ಅದನ್ನು ಎದುರಿಸುವ ಡನ್‌ಮರ್‌ಗಳೂ ಇದ್ದರು. ನಾಲ್ಕನೇ ಯುಗದ 5ನೇ ವರ್ಷ ರೆಡ್ ಮೌಂಟನ್ ಸಿಡಿದು ನಾಡು ಹಾಳಾಯಿತು. ಮರುವರ್ಷವೇ ಆರ್ಗೋನಿಯನ್ನರು ದಂಡೆತ್ತಿ ಬಂದರು. ಅದೇ ಸರಣಿಯ 2011ರ ಸ್ಕೈರಿಮ್ ಗೇಮ್‌ನಲ್ಲಿ ವಿಂಡ್‌ಹೆಲ್ಮ್ ಊರಿಗೆ ಹೋದರೆ ನಿರಾಶ್ರಿತ ಡನ್‌ಮರ್‌ಗಳು ಗ್ರೇ ಕ್ವಾರ್ಟರ್ ಎಂಬ ಕೊಳಕು ಕೇರಿಯಲ್ಲಿ ಅಲ್ಲಿನ ಮನುಷ್ಯಕುಲವಾದ ನಾರ್ಡ್‌ಗಳ ಬೈಗುಳ ಕೇಳುತ್ತಾ ಬದುಕುತ್ತಿರುತ್ತಾರೆ. ಹಡಗುಕಟ್ಟೆಯ ಆರ್ಗೋನಿಯನ್ ಕೂಲಿಗಳನ್ನು ಊರೊಳಗೇ ಬಿಡುವುದಿಲ್ಲ, ಅವರ ವಾಸ ಗೋಡೆಯಾಚೆ.